ಮುರಿಯದ ಗೆರೆಯಲ್ಲೂ ಮೂಲೆಯಿರುತ್ತದೆ: ಅವಿಚ್ಛಿನ್ನತೆ ಮತ್ತು ಅವಕಲನೀಯತೆ

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರಪಟ್ಟಿಯ ಪ್ರಕಾರ ಆಟೊರಿಕ್ಷಾ ಪ್ರಯಾಣದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅಲ್ಲಿಂದಾಚೆಗೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಚಾಲಕರು ಮೀಟರ್ ಹಾಕುತ್ತಾರೋ ಇಲ್ಲವೋ ಎಂಬ ಜಗಳವನ್ನು ಸದ್ಯಕ್ಕೆ ಬದಿಗಿಟ್ಟು, ಈ ನಿಯಮವನ್ನೊಂದು ನಕ್ಷೆಯಾಗಿ ಬರೆದು ನೋಡೋಣ. ಅಡ್ಡಗೆರೆಯ ಮೇಲೆ ದೂರ, ಲಂಬಗೆರೆಯ ಮೇಲೆ ಬಾಡಿಗೆ. ಎರಡು ಕಿಲೋಮೀಟರಿನವರೆಗೆ ನಕ್ಷೆ 36ರ ಎತ್ತರದಲ್ಲಿ ಚಪ್ಪಟೆಯಾಗಿ ಸಾಗಿ, ಸರಿಯಾಗಿ ಎರಡನೆಯ ಕಿಲೋಮೀಟರಿನಲ್ಲಿ ತಿರುಗಿ, ಏಣಿ ಒರಗಿಸಿಟ್ಟಂತೆ ನೇರವಾಗಿ ಮೇಲೇರುತ್ತದೆ. ಗೆರೆ ಎಲ್ಲಿಯೂ ತುಂಡಾಗಿಲ್ಲ. ಆದರೆ ಒಂದು ಕಡೆ ಮಡಿಸಿಕೊಂಡಿದೆ. ಅದೇ ಊರಿನ ಮೆಟ್ರೊ ದರವನ್ನು ಇದೇ ಕಾಗದದ ಮೇಲೆ ಬರೆದರೆ ಚಿತ್ರ ಬೇರೆಯೇ ಆಗುತ್ತದೆ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೊದಲ 2 ಕಿಲೋಮೀಟರಿಗೆ 10 ರೂಪಾಯಿ, 2ರಿಂದ 4 ಕಿಲೋಮೀಟರಿನವರೆಗೆ 20 ರೂಪಾಯಿ, ಹೀಗೆ ಹಂತಹಂತವಾಗಿ 90ರವರೆಗೆ ದರ ನಿಗದಿಯಾಗಿತ್ತು. ಇಲ್ಲಿ ಗೆರೆ ಮಡಿಸಿಕೊಳ್ಳುವುದಿಲ್ಲ, ತುಂಡಾಗಿ ಮೇಲಿನ ಮೆಟ್ಟಿಲಿಗೆ ಜಿಗಿಯುತ್ತದೆ.

ಜಿಗಿತ ಮತ್ತು ಮಡಿಕೆ ಎಂಬ ಈ ಎರಡು ದೋಷಗಳ ನಡುವಿನ ವ್ಯತ್ಯಾಸವೇ ಕಲನಶಾಸ್ತ್ರದ (ಕ್ಯಾಲ್ಕುಲಸ್‌ನ) ಮೊದಲ ಪಾಠಗಳಲ್ಲಿ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಗೊಂದಲಕ್ಕೆ ನೂಕುವ ವಿಷಯ. ಜಿಗಿತವಿಲ್ಲದಿರುವುದನ್ನು ಅವಿಚ್ಛಿನ್ನತೆ ಎಂದೂ, ಮಡಿಕೆಯೂ ಇಲ್ಲದೆ ಪ್ರತಿ ಬಿಂದುವಿನಲ್ಲಿ ಒಂದು ಖಚಿತವಾದ ಇಳಿಜಾರು ಇರುವುದನ್ನು ಅವಕಲನೀಯತೆ ಎಂದೂ ಕರೆಯುತ್ತಾರೆ. ಪಿಯುಸಿ ತರಗತಿಗಳಲ್ಲಿ ಕಂಟಿನ್ಯುಟಿ, ಡಿಫರೆನ್ಶಿಯಬಿಲಿಟಿ ಎಂಬ ಹೆಸರುಗಳೇ ಬಳಕೆಯಲ್ಲಿವೆ. ಜಿಗಿತ, ಮಡಿಕೆ ಎಂಬ ಚಿತ್ರಗಳು ಆರಂಭಕ್ಕೆ ಸಾಕು. ಆದರೆ ಚಿತ್ರವನ್ನೇ ವ್ಯಾಖ್ಯೆಯೆಂದು ನಂಬಿದವರು ಮುಂದೆ ಮುಗ್ಗರಿಸುವುದು ಖಂಡಿತ, ಏಕೆಂದರೆ ಈ ಎರಡೂ ಗುಣಗಳು ವಾಸ್ತವದಲ್ಲಿ ಗೆರೆಯ ಆಕಾರವನ್ನು ಕುರಿತದ್ದಲ್ಲ, ತಪ್ಪು ಎಷ್ಟು ಬೇಗ ಸೊನ್ನೆಯತ್ತ ಕುಗ್ಗುತ್ತದೆ ಎಂಬುದನ್ನು ಕುರಿತದ್ದು. ಈ ಮಾತನ್ನು ಸ್ಪಷ್ಟಪಡಿಸುವುದೇ ಇಲ್ಲಿನ ಉದ್ದೇಶ.

ಬರವಣಿಗೆಯ ಅನುಕೂಲಕ್ಕಾಗಿ ಕೆಲವು ಅಕ್ಷರಗಳನ್ನು ಗೊತ್ತುಮಾಡಿಕೊಳ್ಳೋಣ. ಒಂದು ಸಂಖ್ಯೆಯನ್ನು ಕೊಟ್ಟರೆ ನಿಯಮದಂತೆ ಇನ್ನೊಂದು ಸಂಖ್ಯೆಯನ್ನು ಹಿಂತಿರುಗಿಸುವ ಫಲನಕ್ಕೆ ಫ, ಬದಲಾಗುತ್ತಿರುವ ಚರಕ್ಕೆ ಚ, ನಾವು ನಿಂತು ಪರೀಕ್ಷಿಸುತ್ತಿರುವ ಬಿಂದುವಿಗೆ ಬ, ಆ ಬಿಂದುವಿನಿಂದ ಆಚೀಚೆ ಇಡುವ ಪುಟ್ಟ ಹೆಜ್ಜೆಗೆ ಹ. ಹೆಜ್ಜೆ ಬಲಕ್ಕಿದ್ದರೆ ಹ ಧನ, ಎಡಕ್ಕಿದ್ದರೆ ಋಣ.

ಕಲ್ಲು ಕಡಿಯುವವರೊಬ್ಬರಿಗೆ 3 ಅಡಿ ಬದಿಯ ಚೌಕಾಕಾರದ ಚಪ್ಪಡಿ ಬೇಕೆಂದು ಹೇಳಿದ್ದೇವೆ ಎಂದುಕೊಳ್ಳಿ. ವಿಸ್ತೀರ್ಣ 9 ಚದರ ಅಡಿ ಬರಬೇಕು. ಬದಿಯ ಅಳತೆಯಲ್ಲಿ ಎಳೆಯಷ್ಟಾದರೂ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಆದ್ದರಿಂದ ‘ವಿಸ್ತೀರ್ಣ 9ರಿಂದ 0.01 ಚದರ ಅಡಿಗಿಂತ ಹೆಚ್ಚು ಆಚೀಚೆ ಆಗಬಾರದು’ ಎಂದು ನಾವು ಷರತ್ತು ಹಾಕುತ್ತೇವೆ. ಬದಿಯಲ್ಲಿ 0.0016 ಅಡಿಯವರೆಗಿನ ತಪ್ಪಾದರೆ ಅಡ್ಡಿಯಿಲ್ಲ, ವಿಸ್ತೀರ್ಣದ ವ್ಯತ್ಯಾಸ ಸುಮಾರು 0.0096ರೊಳಗೇ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ಅವರು ಉತ್ತರಿಸಬಹುದು. ನಾವು ಷರತ್ತನ್ನು ಇನ್ನೂ ಬಿಗಿಮಾಡಿ 0.0001 ಎಂದರೆ ಅವರು ಬದಿಯ ತಪ್ಪಿಗೆ ಇನ್ನೂ ಚಿಕ್ಕ ಎಲ್ಲೆಯನ್ನು ಕೊಡುತ್ತಾರೆ. ನಾವು ಕೇಳುವ ಎಷ್ಟೇ ಚಿಕ್ಕ ಷರತ್ತಿಗೂ ಹೀಗೆ ಒಂದು ಎಲ್ಲೆಯನ್ನು ಹುಡುಕಿಕೊಡಲು ಸಾಧ್ಯವಾದರೆ ವಿಸ್ತೀರ್ಣವೆಂಬ ಫಲನ 3ರಲ್ಲಿ ಅವಿಚ್ಛಿನ್ನ. ಪಠ್ಯಗಳಲ್ಲಿ ಎಪ್ಸಿಲಾನ್, ಡೆಲ್ಟಾ ಎಂಬ ಗ್ರೀಕ್ ಅಕ್ಷರಗಳೊಂದಿಗೆ ಬಂದು ಹೆದರಿಸುವ ವ್ಯಾಖ್ಯೆ ಹೇಳುವುದು ಇಷ್ಟನ್ನೇ: ಷರತ್ತು ಎಪ್ಸಿಲಾನ್, ಅದಕ್ಕೆ ಸಿಕ್ಕ ಎಲ್ಲೆ ಡೆಲ್ಟಾ. ಷರತ್ತು ಮೊದಲು ಬರುತ್ತದೆ, ಎಲ್ಲೆ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ವ್ಯಾಖ್ಯೆಯೇ ಕೆಡುತ್ತದೆ. ಗಣಿತಜ್ಞರಾದ ಬೊಲ್ಜಾನೊ 1817ರಲ್ಲಿ, ಕೋಶಿ 1821ರಲ್ಲಿ ಅವಿಚ್ಛಿನ್ನತೆಯನ್ನು ಈ ದಿಕ್ಕಿನಲ್ಲಿ ವ್ಯಾಖ್ಯಾನಿಸಿದರು. ಇಂದಿನ ಬಿಗಿಯಾದ ರೂಪ ಜರ್ಮನಿಯ ಗಣಿತಜ್ಞ ವೈಯರ್‌ಸ್ಟ್ರಾಸ್ ಅವರ ಪಾಠಗಳ ಮೂಲಕ ನೆಲೆಗೊಂಡಿತು.

ಮೆಟ್ರೊ ದರ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಎರಡು ಕಿಲೋಮೀಟರಿನ ಬಿಂದುವಿನಲ್ಲಿ ನಿಂತು ‘ದರ 10ರಿಂದ 5 ರೂಪಾಯಿಗಿಂತ ಹೆಚ್ಚು ಬದಲಾಗಬಾರದು’ ಎಂದು ಷರತ್ತು ಹಾಕಿದರೆ, ಬಲಕ್ಕೆ ಒಂದು ಮೀಟರ್ ಸರಿದರೂ, ಒಂದು ಮಿಲಿಮೀಟರ್ ಸರಿದರೂ ದರ 20 ಆಗಿಬಿಡುವುದರಿಂದ ಯಾವ ಎಲ್ಲೆಯೂ ಕೆಲಸಕ್ಕೆ ಬರುವುದಿಲ್ಲ. ಹೆಜ್ಜೆಯನ್ನು ಎಷ್ಟೇ ಕುಗ್ಗಿಸಿದರೂ ತಪ್ಪು 10 ರೂಪಾಯಿಯಲ್ಲೇ ನಿಂತಿರುತ್ತದೆ, ಸೊನ್ನೆಯತ್ತ ಕುಗ್ಗುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇದನ್ನೇ ‘ಎಡಮಿತಿ 10, ಬಲಮಿತಿ 20, ಎರಡೂ ಸಮವಲ್ಲ, ಆದ್ದರಿಂದ ಫಲನ ವಿಚ್ಛಿನ್ನ’ ಎಂದು ಬರೆಯುತ್ತಾರೆ. ಎಡದಿಂದ ಸಮೀಪಿಸಿದಾಗ ಬೆಲೆ ಯಾವ ಸಂಖ್ಯೆಯತ್ತ ಹೋಗುತ್ತದೋ ಅದು ಎಡಮಿತಿ, ಬಲದಿಂದಾದರೆ ಬಲಮಿತಿ. ಎಡಮಿತಿ, ಬಲಮಿತಿ, ಫ(ಬ) ಈ ಮೂರೂ ಅಸ್ತಿತ್ವದಲ್ಲಿದ್ದು ಪರಸ್ಪರ ಸಮವಾಗಿರಬೇಕು ಎಂಬ ಸೂತ್ರ ಮೇಲಿನ ಷರತ್ತಿನ ಆಟದ ಸಂಕ್ಷೇಪವೇ ಹೊರತು ಬೇರೊಂದು ವ್ಯಾಖ್ಯೆಯಲ್ಲ.

‘ಪೆನ್ನು ಎತ್ತದೆ ನಕ್ಷೆ ಎಳೆಯಲು ಬಂದರೆ ಅವಿಚ್ಛಿನ್ನ’ ಎಂಬ ಮಾತನ್ನು ಕೇಳದ ವಿದ್ಯಾರ್ಥಿಯಿಲ್ಲ. ಅದು ಅಪಾಯಕಾರಿಯಾದ ಅರ್ಧಸತ್ಯ ಎಂದೇ ನನ್ನ ಅಭಿಪ್ರಾಯ. 1/ಚ ಎಂಬ ಫಲನವನ್ನು ತೆಗೆದುಕೊಳ್ಳಿ. ಅದರ ನಕ್ಷೆ ಎರಡು ತುಂಡು, ನಡುವೆ ಪೆನ್ನು ಎತ್ತಲೇಬೇಕು. ಆದರೂ ಆ ಫಲನ ತನ್ನ ವ್ಯಾಪ್ತಿಯ (ಅಂದರೆ ಚ ತೆಗೆದುಕೊಳ್ಳಬಹುದಾದ ಬೆಲೆಗಳ) ಪ್ರತಿಯೊಂದು ಬಿಂದುವಿನಲ್ಲೂ ಅವಿಚ್ಛಿನ್ನ, ಏಕೆಂದರೆ ಸೊನ್ನೆ ಅದರ ವ್ಯಾಪ್ತಿಗೆ ಸೇರಿಯೇ ಇಲ್ಲ, ಇಲ್ಲದ ಮನೆಯ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂದು ಕೇಳಲಾಗದು. ಇನ್ನೊಂದು ಕಡೆ, ಚ ಭಾಗಲಬ್ಧ ಸಂಖ್ಯೆಯಾಗಿದ್ದರೆ ಅದರ ವರ್ಗವನ್ನೂ, ಅಭಾಗಲಬ್ಧವಾಗಿದ್ದರೆ ಸೊನ್ನೆಯನ್ನೂ ಕೊಡುವ ಫಲನವೊಂದನ್ನು ಊಹಿಸಿಕೊಳ್ಳಿ. ಇದರ ನಕ್ಷೆಯನ್ನು ಯಾವ ಪೆನ್ನಿನಿಂದಲೂ ಎಳೆಯಲಾಗದು. ಭಾಗಲಬ್ಧ, ಅಭಾಗಲಬ್ಧ ಸಂಖ್ಯೆಗಳು ಎಲ್ಲೆಡೆ ಒಂದರೊಳಗೊಂದು ಬೆರೆತುಕೊಂಡಿರುವುದರಿಂದ ಅದು ಸೊನ್ನೆಯ ಹೊರತು ಬೇರೆಲ್ಲ ಬಿಂದುಗಳಲ್ಲೂ ವಿಚ್ಛಿನ್ನ. ಆದರೆ ಸೊನ್ನೆಯಲ್ಲಿ ಮಾತ್ರ ಅದು ಅವಿಚ್ಛಿನ್ನ. ಸೊನ್ನೆಯಿಂದ ಹ ದೂರ ಸರಿದಾಗ ಫಲನದ ಬೆಲೆ ಹೆಚ್ಚೆಂದರೆ ಹ². ಹ ಕುಗ್ಗಿದಂತೆ ಅದೂ ಕುಗ್ಗುತ್ತದೆ. ಇದೇ ಫಲನವನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕರೆಯಬೇಕಾಗುತ್ತದೆ.

ಈಗ ಚಪ್ಪಡಿಗೆ ಮರಳೋಣ. ಬದಿ 3ರಿಂದ 3 + ಹ ಆದಾಗ ವಿಸ್ತೀರ್ಣ 9 + 6ಹ + ಹ² ಆಗುತ್ತದೆ. ಹೆಜ್ಜೆ 0.1 ಇದ್ದಾಗ ಹೆಚ್ಚಳ 0.61, ಅಂದರೆ 0.6 ಮತ್ತು 0.01. ಹೆಜ್ಜೆ 0.01 ಇದ್ದಾಗ 0.0601, ಅಂದರೆ 0.06 ಮತ್ತು 0.0001. ಹೆಜ್ಜೆ 0.001 ಇದ್ದಾಗ 0.006001. ಮೊದಲ ಭಾಗ ಹೆಜ್ಜೆಯ ಜೊತೆಜೊತೆಗೇ ಹತ್ತರಲ್ಲೊಂದಾಗಿ ಇಳಿಯುತ್ತಿದೆ. ಎರಡನೆಯ ಭಾಗ ಪ್ರತಿ ಸಲವೂ ನೂರರಲ್ಲೊಂದಾಗಿ ಇಳಿಯುತ್ತಿದೆ. ಅಂದರೆ ‘ವಿಸ್ತೀರ್ಣ ಹೆಜ್ಜೆಯ ಆರರಷ್ಟು ಹೆಚ್ಚಿತು’ ಎಂದು ಸರಳವಾಗಿ ಹೇಳಿಬಿಟ್ಟರೆ ಉಳಿಯುವ ತಪ್ಪು ಹೆಜ್ಜೆಗಿಂತಲೂ ವೇಗವಾಗಿ ಸಾಯುತ್ತದೆ. ಅವಕಲನೀಯತೆಯ ತಿರುಳು ಇದೇ. ಫ(ಬ + ಹ) ಎಂಬುದನ್ನು

ಫ(ಬ + ಹ) = ಫ(ಬ) + ಇ × ಹ + ಉಳಿಕೆ

ಎಂದು ಬರೆಯಲು ಬರುವಂತೆ, ಮತ್ತು ಉಳಿಕೆಯನ್ನು ಹ ಇಂದ ಭಾಗಿಸಿದಾಗಲೂ ಅದು ಸೊನ್ನೆಯನ್ನೇ ಸಮೀಪಿಸುವಂತೆ, ಇ ಎಂಬ ಒಂದೇ ಒಂದು ಸಂಖ್ಯೆ ಸಿಕ್ಕರೆ ಫಲನ ಬ ಬಿಂದುವಿನಲ್ಲಿ ಅವಕಲನೀಯ. ಆ ಸಂಖ್ಯೆಯೇ ಅಲ್ಲಿನ ನಿಷ್ಪನ್ನ, ಅಂದರೆ ಸ್ಪರ್ಶಕದ ಇಳಿಜಾರು. ಫ(ಬ + ಹ)ದಿಂದ ಫ(ಬ)ವನ್ನು ಕಳೆದು ಹ ಇಂದ ಭಾಗಿಸಿ ಮಿತಿ ತೆಗೆದುಕೊಳ್ಳುವ ಪರಿಚಿತ ಸೂತ್ರವೂ ಇದನ್ನೇ ಹೇಳುತ್ತದೆ, ಆದರೆ ಭಾಗಾಕಾರದ ಗದ್ದಲದಲ್ಲಿ ಅರ್ಥ ಮರೆಯಾಗುತ್ತದೆ. ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ, ನಕ್ಷೆಯ ಆ ಬಿಂದುವನ್ನು ಮೊಬೈಲ್ ಪರದೆಯ ಮೇಲೆ ಎರಡು ಬೆರಳಿನಿಂದ ಹಿಗ್ಗಿಸುತ್ತ ಹೋದಂತೆ ಬಾಗಿದ ಗೆರೆ ಹೆಚ್ಚುಹೆಚ್ಚು ನೇರವಾಗುತ್ತ ಒಂದು ಸರಳರೇಖೆಯಲ್ಲಿ ಕರಗಿಹೋಗಬೇಕು.

ಕಾಲ ಸರಿದಂತೆ ದೂರ ಬದಲಾಗುವುದನ್ನು ನಕ್ಷೆಯಾಗಿ ಬರೆದರೆ ಈ ಇಳಿಜಾರೇ ಆ ಗಳಿಗೆಯ ವೇಗ. ಒಂದು ಗಳಿಗೆಯ ವೇಗ ಎಂಬ ಈ ಕಲ್ಪನೆ ಯುರೋಪಿನ 17ನೆಯ ಶತಮಾನದಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಎರಡನೆಯ ಭಾಸ್ಕರಾಚಾರ್ಯ 1150ರಲ್ಲಿ ಪೂರೈಸಿದ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು (ಆ ಗಳಿಗೆಯ ಗತಿಯನ್ನು) ದಿನದಿಂದ ದಿನಕ್ಕೆ ಲೆಕ್ಕ ಹಾಕುವ ಸರಾಸರಿ ಗತಿಯಿಂದ ಬೇರ್ಪಡಿಸಿದ್ದಾನೆ; ಚಂದ್ರನ ಗತಿ ದೊಡ್ಡದು, ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಆದ್ದರಿಂದ ತಿಥಿಯ ಅಂತ್ಯ ಹತ್ತಿರವಿದ್ದಾಗ ತಾತ್ಕಾಲಿಕ ಗತಿಯನ್ನೇ ಬಳಸಬೇಕು ಎಂಬುದು ಅವನ ಕಾರಣ. ಜ್ಯಾದ ಚಿಕ್ಕ ಬದಲಾವಣೆ ಕೋಟಿಜ್ಯಾಕ್ಕೆ ಅನುಪಾತದಲ್ಲಿರುತ್ತದೆ ಎಂಬ ಸಂಬಂಧವನ್ನೂ ಅವನು ಬಳಸುತ್ತಾನೆ; ಇಂದಿನ ಭಾಷೆಯಲ್ಲಿ ಅದು ಸೈನ್‌ನ ನಿಷ್ಪನ್ನ ಕೊಸೈನ್ ಎಂಬ ಮಾತು. ಮಿತಿಯ ಬಿಗಿಯಾದ ವ್ಯಾಖ್ಯೆ ಆಗ ಇರಲಿಲ್ಲ, ನ್ಯೂಟನ್ ಮತ್ತು ಲೈಬ್ನಿಟ್ಸ್ ಅವರ ಬಳಿಯೂ ಇರಲಿಲ್ಲ.

ಮೇಲಿನ ಸಮೀಕರಣವನ್ನು ಒಮ್ಮೆ ದಿಟ್ಟಿಸಿ ನೋಡಿದರೆ ಪ್ರಸಿದ್ಧವಾದ ಪ್ರಮೇಯವೊಂದು ತಾನಾಗಿ ಹೊರಬೀಳುತ್ತದೆ. ಹ ಸೊನ್ನೆಯನ್ನು ಸಮೀಪಿಸಿದಾಗ ಇ × ಹ ಸೊನ್ನೆಯಾಗುತ್ತದೆ, ಉಳಿಕೆಯಂತೂ ಅದಕ್ಕಿಂತ ಮೊದಲೇ ಸೊನ್ನೆಯ ಹತ್ತಿರ ಹೋಗಿರುತ್ತದೆ. ಆದ್ದರಿಂದ ಫ(ಬ + ಹ) ಎಂಬುದು ಫ(ಬ)ವನ್ನು ಸಮೀಪಿಸಲೇಬೇಕು. ಅವಕಲನೀಯವಾದದ್ದು ಅವಿಚ್ಛಿನ್ನವೂ ಹೌದು. ಅವಿಚ್ಛಿನ್ನತೆ ತಪ್ಪು ಸಾಯಬೇಕೆಂದು ಮಾತ್ರ ಕೇಳುತ್ತದೆ. ಅವಕಲನೀಯತೆ ಅದು ಹೆಜ್ಜೆಗಿಂತ ಬೇಗ ಸಾಯಬೇಕೆಂದು ಕೇಳುತ್ತದೆ. ಭಾಗಲಬ್ಧ, ಅಭಾಗಲಬ್ಧಗಳ ಮೇಲೆ ಕಟ್ಟಿದ ಆ ವಿಚಿತ್ರ ಫಲನವನ್ನು ಈಗ ಕರೆಯೋಣ. ಸೊನ್ನೆಯಲ್ಲಿ ಅದರ ಉಳಿಕೆ ಹೆಚ್ಚೆಂದರೆ ಹ². ಹ ಇಂದ ಭಾಗಿಸಿದರೆ ಹೆಚ್ಚೆಂದರೆ ಹೆಜ್ಜೆಯಷ್ಟೇ ಗಾತ್ರ, ಅದೂ ಸೊನ್ನೆಗೆ ಹೋಗುತ್ತದೆ. ಆದ್ದರಿಂದ ಎಲ್ಲೆಡೆ ಚೂರುಚೂರಾಗಿರುವ ಆ ಫಲನ ಸೊನ್ನೆಯೆಂಬ ಒಂದೇ ಬಿಂದುವಿನಲ್ಲಿ ಅವಕಲನೀಯ, ಅಲ್ಲಿ ಅದರ ನಿಷ್ಪನ್ನ ಸೊನ್ನೆ. ಅವಕಲನೀಯವಾದ ಗೆರೆ ನುಣುಪಾಗಿ ಕಾಣಬೇಕೆಂಬ ನಮ್ಮ ನಿರೀಕ್ಷೆಗೆ ಇದಕ್ಕಿಂತ ದೊಡ್ಡ ಏಟು ಬೇಕಿಲ್ಲ.

ಪ್ರಮೇಯದ ವಿಲೋಮ ನಿಲ್ಲುವುದಿಲ್ಲ ಎಂಬುದಕ್ಕೆ ಆಟೊ ಬಾಡಿಗೆಯೇ ಸಾಕ್ಷಿ. ಎರಡನೆಯ ಕಿಲೋಮೀಟರಿನಲ್ಲಿ ಎಡದಿಂದ ಬಂದರೆ ಬಾಡಿಗೆ 36, ಬಲದಿಂದ ಬಂದರೂ 36, ಅವಿಚ್ಛಿನ್ನತೆಗೆ ಕೊರತೆಯಿಲ್ಲ. ಆದರೆ ಎಡಕ್ಕೆ ಹೆಜ್ಜೆಯಿಟ್ಟಾಗ ಬಾಡಿಗೆ ಬದಲಾಗದ ಕಾರಣ ಎಡ ನಿಷ್ಪನ್ನ 0, ಬಲಕ್ಕೆ ಇಟ್ಟಾಗ ಹೆಚ್ಚಳ 18 × ಹ ಆದ ಕಾರಣ ಬಲ ನಿಷ್ಪನ್ನ 18. ಎರಡಕ್ಕೂ ಒಪ್ಪುವ ಒಂದೇ ಇ ಇಲ್ಲ. ಆ ಬಿಂದುವನ್ನು ಎಷ್ಟು ಹಿಗ್ಗಿಸಿದರೂ ಮೂಲೆ ಮೂಲೆಯಾಗಿಯೇ ಉಳಿಯುತ್ತದೆ. (ನಿಜವಾದ ಮೀಟರಿನ ಅಂಕಿ ಸರಾಗವಾಗಿ ಅಲ್ಲ, ತುಸುತುಸುವೇ ಜಿಗಿದು ಏರುತ್ತದೆ, ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಅದೂ ಸಣ್ಣ ಮೆಟ್ಟಿಲುಗಳ ಸಾಲೇ, ಇಲ್ಲಿ ಮಾತಾಡುತ್ತಿರುವುದು ನಿಯಮದ ಬಗ್ಗೆ, ಯಂತ್ರದ ಬಗ್ಗೆ ಅಲ್ಲ.)

ಮೂಲೆಯೊಂದೇ ಅವಕಲನೀಯತೆಯನ್ನು ಕೆಡಿಸುವ ಬಗೆಯಲ್ಲ. ಘನಮೂಲ ಫಲನದಲ್ಲಿ ಮೂಲೆಯೇ ಇಲ್ಲ, ನಕ್ಷೆ ಸೊನ್ನೆಯ ಮೂಲಕ ನುಣುಪಾಗಿ ಹಾದುಹೋಗುತ್ತದೆ. ಆದರೆ ಹೆಜ್ಜೆ 0.001 ಇದ್ದಾಗ ಘನಮೂಲ 0.1, ಹೆಜ್ಜೆಯೊಂದಿಗೆ ಅದರ ಅನುಪಾತ 100, ಹೆಜ್ಜೆ 0.000001 ಇದ್ದಾಗ ಘನಮೂಲ 0.01, ಅನುಪಾತ 10,000. ತಪ್ಪು ಸಾಯುತ್ತಿದೆ ನಿಜ, ಆದರೆ ಹೆಜ್ಜೆಗಿಂತ ಎಷ್ಟೋ ನಿಧಾನವಾಗಿ. ಚಿತ್ರದಲ್ಲಿ ಸ್ಪರ್ಶಕವಿದೆ, ಅದು ನೆಟ್ಟಗೆ ನಿಂತಿದೆ, ನೆಟ್ಟಗೆ ನಿಂತ ಗೆರೆಯ ಇಳಿಜಾರಿಗೆ ಸಂಖ್ಯೆಯಿಲ್ಲ. ಇನ್ನು ಚ × ಸೈನ್(1/ಚ) ಎಂಬ ಫಲನಕ್ಕೆ ಸೊನ್ನೆಯಲ್ಲಿ ಸೊನ್ನೆ ಎಂಬ ಬೆಲೆ ಕೊಟ್ಟರೆ ಅದು ಅಲ್ಲಿ ಅವಿಚ್ಛಿನ್ನವಾಗುತ್ತದೆ, ಆದರೆ ಅದರ ಅನುಪಾತ ಸೈನ್(1/ಹ) ಆದ್ದರಿಂದ ಹೆಜ್ಜೆ ಕುಗ್ಗಿದಂತೆ −1 ಮತ್ತು 1ರ ನಡುವೆ ತೂಗುಯ್ಯಾಲೆಯಾಡುತ್ತ ಯಾವ ಸಂಖ್ಯೆಯಲ್ಲೂ ನೆಲೆನಿಲ್ಲುವುದಿಲ್ಲ. ಇಲ್ಲಿ ಸ್ಪರ್ಶಕವೇ ಇಲ್ಲ.

ಜಿಗಿತವನ್ನು ಮಡಿಕೆಯಾಗಿ ಪರಿವರ್ತಿಸಿದ ಒಂದು ನಿಜವಾದ ಉದಾಹರಣೆ ಆದಾಯ ತೆರಿಗೆ ಕಾನೂನಿನಲ್ಲಿದೆ. 2025–26ರ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ಶೇ 5, ಅದರ ಮುಂದಿನ 4 ಲಕ್ಷಕ್ಕೆ ಶೇ 10, ಹನ್ನೆರಡರಿಂದ ಹದಿನಾರು ಲಕ್ಷದವರೆಗಿನ ಭಾಗಕ್ಕೆ ಶೇ 15. ಸ್ಲ್ಯಾಬ್ ಲೆಕ್ಕದಂತೆ 12 ಲಕ್ಷ ರೂಪಾಯಿಯ ತೆರಿಗೆಯೋಗ್ಯ ಆದಾಯಕ್ಕೆ 20,000 ಮತ್ತು 40,000 ಸೇರಿ 60,000 ತೆರಿಗೆ ಬರುತ್ತದೆ. ಆದರೆ 12 ಲಕ್ಷದವರೆಗೆ ಅಷ್ಟನ್ನೂ ರಿಬೇಟ್ ಆಗಿ ಮನ್ನಾ ಮಾಡುವುದರಿಂದ ಕಟ್ಟಬೇಕಾದದ್ದು ಸೊನ್ನೆ. ಸೆಸ್ ಲೆಕ್ಕವನ್ನು ಬಿಟ್ಟುಬಿಡೋಣ. ಇಷ್ಟಕ್ಕೇ ನಿಲ್ಲಿಸಿದ್ದರೆ 12 ಲಕ್ಷದ ಮೇಲೆ ಒಂದು ರೂಪಾಯಿ ಹೆಚ್ಚು ಗಳಿಸಿದವರು ಥಟ್ಟನೆ 60,000 ರೂಪಾಯಿ ಕಟ್ಟಬೇಕಾಗುತ್ತಿತ್ತು. ತೆರಿಗೆಯೆಂಬ ಫಲನ ಅಲ್ಲಿ ವಿಚ್ಛಿನ್ನವಾಗುತ್ತಿತ್ತು. ಅದನ್ನು ತಪ್ಪಿಸಲು ಮಾರ್ಜಿನಲ್ ರಿಲೀಫ್ ಎಂಬ ನಿಯಮವಿದೆ: 12 ಲಕ್ಷವನ್ನು ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗುವಂತಿಲ್ಲ. ಆದಾಯ 12,10,000 ಆಗಿದ್ದರೆ ಸ್ಲ್ಯಾಬ್ ಲೆಕ್ಕದಲ್ಲಿ 61,500 ಬಂದರೂ ಕಟ್ಟಬೇಕಾದದ್ದು 10,000 ಮಾತ್ರ.

ನಿಯಮ ಮಾಡಿದವರು ಕಲನಶಾಸ್ತ್ರದ ಭಾಷೆಯಲ್ಲಿ ಯೋಚಿಸಿದರೋ ಇಲ್ಲವೋ, ಮಾಡಿದ ಕೆಲಸ ಮಾತ್ರ ಅದೇ: ಬಿರುಕಿಗೆ ಒಂದು ಸೇತುವೆ ಕಟ್ಟಿದ್ದಾರೆ. ಸೇತುವೆಯ ಇಳಿಜಾರು 1, ಏಕೆಂದರೆ ಅಲ್ಲಿ ಹೆಚ್ಚಾಗಿ ಗಳಿಸಿದ ಪ್ರತಿಯೊಂದು ರೂಪಾಯಿಯೂ ಇಡಿಯಾಗಿ ತೆರಿಗೆಗೇ ಹೋಗುತ್ತದೆ. 60,000ಕ್ಕೆ ಹೆಚ್ಚುವರಿ ಆದಾಯದ ಶೇ 15 ಸೇರಿಸಿದ ಮೊತ್ತ ಆ ಹೆಚ್ಚುವರಿ ಆದಾಯಕ್ಕೇ ಸಮವಾಗುವುದು ಎಲ್ಲಿ ಎಂದು ನೋಡಿದರೆ, 60,000ವನ್ನು 0.85ರಿಂದ ಭಾಗಿಸಿ ಬರುವ ಸುಮಾರು 70,588 ರೂಪಾಯಿಯಲ್ಲಿ, ಅಂದರೆ ಆದಾಯ ಸುಮಾರು 12,70,588 ಆದಾಗ ಸೇತುವೆ ಮುಗಿಯುತ್ತದೆ. 12 ಲಕ್ಷದಲ್ಲಿ ಎಡ ನಿಷ್ಪನ್ನ 0, ಬಲ ನಿಷ್ಪನ್ನ 1. ಸೇತುವೆಯ ಆ ತುದಿಯಲ್ಲಿ ಎಡ ನಿಷ್ಪನ್ನ 1, ಬಲ ನಿಷ್ಪನ್ನ 0.15. ಒಂದು ಜಿಗಿತ ಹೋಗಿ ಎರಡು ಮೂಲೆಗಳು ಬಂದವು. ‘ಮುಂದಿನ ಸ್ಲ್ಯಾಬಿಗೆ ಹೋದರೆ ಇಡೀ ಸಂಬಳಕ್ಕೆ ಹೆಚ್ಚಿನ ದರ ಬೀಳುತ್ತದೆ’ ಎಂದು ಹೆದರುವವರು ಮಾಡುವ ತಪ್ಪೂ ಇದೇ ಜಾತಿಯದು. ಸ್ಲ್ಯಾಬ್ ಬದಲಾದಾಗ ಬದಲಾಗುವುದು ಇಳಿಜಾರು, ಎತ್ತರವಲ್ಲ.

ಪರೀಕ್ಷೆಯ ಲೆಕ್ಕಗಳಿಗೆ ಬರೋಣ. ಒಂದು ಬಿಂದುವಿನ ಎಡಕ್ಕೊಂದು ಸೂತ್ರ, ಬಲಕ್ಕೊಂದು ಸೂತ್ರ ಕೊಟ್ಟು ಅವಕಲನೀಯತೆಯನ್ನು ಪರೀಕ್ಷಿಸಿರಿ ಎಂದು ಕೇಳುವುದು ಸಾಮಾನ್ಯ. ಎರಡೂ ಸೂತ್ರಗಳ ನಿಷ್ಪನ್ನ ತೆಗೆದು, ಬಿಂದುವಿನಲ್ಲಿ ಬೆಲೆ ಹಾಕಿ, ಸಮವಾದರೆ ಅವಕಲನೀಯ ಎಂದು ಬರೆದುಬಿಡುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಚ ಎರಡನ್ನು ಮೀರದಿದ್ದಾಗ ಚ², ಮೀರಿದಾಗ 4ಚ + 1 ಎಂಬ ಫಲನವನ್ನು ಈ ದಾರಿಯಲ್ಲಿ ಪರೀಕ್ಷಿಸಿದರೆ ಎಡಗಡೆ ನಿಷ್ಪನ್ನ 2ಚ, ಎರಡರಲ್ಲಿ ಅದು 4. ಬಲಗಡೆ ನಿಷ್ಪನ್ನವೂ 4. ‘ಸಮವಾಗಿವೆ, ಆದ್ದರಿಂದ ಅವಕಲನೀಯ’ ಎಂದು ಬರೆದವರಿಗೆ ಅಂಕ ಸಿಗುವುದಿಲ್ಲ. ಎರಡರಲ್ಲಿ ಫಲನದ ಬೆಲೆ 4, ಬಲದಿಂದ ಸಮೀಪಿಸಿದರೆ ಸಿಗುವುದು 9, ಗೆರೆಯೇ ತುಂಡಾಗಿದೆ. ವ್ಯಾಖ್ಯೆಗೆ ಮರಳಿದರೆ ತಪ್ಪು ಎಲ್ಲಿದೆಯೆಂಬುದು ಕಣ್ಣಿಗೇ ಬೀಳುತ್ತದೆ. ಬಲಕ್ಕೆ ಹ ಹೆಜ್ಜೆಯಿಟ್ಟಾಗ ಫಲನದ ಬೆಲೆ 9 + 4ಹ, ಅದರಿಂದ ಕಳೆಯಬೇಕಾದದ್ದು 9 ಅಲ್ಲ, 4. ಆಗ ಅನುಪಾತ 4 + 5/ಹ, ಹ ಕುಗ್ಗಿದಂತೆ ಅದು ಮಿತಿಯಿಲ್ಲದೆ ಬೆಳೆಯುತ್ತದೆ. ಅಡ್ಡದಾರಿ ಹಿಡಿದವರು ತಮಗರಿವಿಲ್ಲದೆಯೇ ಬಲಗಡೆಯ ಗೆರೆಗೆ ಅದರದೇ ಆದ ಬೇರೊಂದು ಆರಂಭಬಿಂದುವನ್ನು ಕೊಟ್ಟಿದ್ದರು. ಎರಡು ರಸ್ತೆಗಳು ಒಂದೇ ಓರೆಯಲ್ಲಿ ಏರುತ್ತಿದ್ದರೂ ಒಂದು ಮೇಲ್ಸೇತುವೆಯ ಮೇಲಿದ್ದು ಇನ್ನೊಂದು ನೆಲದ ಮೇಲಿದ್ದರೆ ಅವು ಕೂಡುವುದಿಲ್ಲ. ಬಲಗಡೆಯ ಸೂತ್ರ 4ಚ − 4 ಎಂದಾಗಿದ್ದರೆ ಎತ್ತರವೂ ಇಳಿಜಾರೂ ಎರಡೂ ಹೊಂದುತ್ತಿದ್ದವು. ಆದ್ದರಿಂದ ಮೊದಲು ಅವಿಚ್ಛಿನ್ನತೆ, ಆಮೇಲೆ ಅವಕಲನೀಯತೆ ಎಂದು ಉಪನ್ಯಾಸಕರು ಪದೇಪದೇ ಹೇಳುವುದು ಶಿಸ್ತಿಗಾಗಿ ಮಾತ್ರವಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ, ಅದು ಜಾಣ ವಿದ್ಯಾರ್ಥಿಗಳನ್ನೇ ಹಿಡಿಯುತ್ತದೆ. ಚ² × ಸೈನ್(1/ಚ) ಎಂಬ ಫಲನಕ್ಕೆ ಸೊನ್ನೆಯಲ್ಲಿ ಸೊನ್ನೆಯ ಬೆಲೆ ಕೊಡಿ. ಸೊನ್ನೆಯ ಹೊರಗೆ ನಿಯಮದಂತೆ ಅವಕಲನ ಮಾಡಿದರೆ ಸಿಗುವುದು 2ಚ × ಸೈನ್(1/ಚ) − ಕೊಸೈನ್(1/ಚ). ಚ ಸೊನ್ನೆಯತ್ತ ಹೋದಾಗ ಮೊದಲ ಪದ ಸಾಯುತ್ತದೆ, ಎರಡನೆಯದು −1 ಮತ್ತು 1ರ ನಡುವೆ ಕೊನೆಯಿಲ್ಲದೆ ಓಲಾಡುತ್ತದೆ, ನಿಷ್ಪನ್ನ ಯಾವ ಮಿತಿಯನ್ನೂ ಸಮೀಪಿಸುವುದಿಲ್ಲ. ‘ಆದ್ದರಿಂದ ಸೊನ್ನೆಯಲ್ಲಿ ಅವಕಲನೀಯವಲ್ಲ’ ಎಂಬ ತೀರ್ಮಾನ ತಪ್ಪು. ವ್ಯಾಖ್ಯೆಯಂತೆ ನೇರವಾಗಿ ಲೆಕ್ಕ ಹಾಕಿದರೆ ಅನುಪಾತ ಹ × ಸೈನ್(1/ಹ), ಅದು ಸೊನ್ನೆಯನ್ನು ಸಮೀಪಿಸುತ್ತದೆ. ನಿಷ್ಪನ್ನವಿದೆ, ಅದು ಸೊನ್ನೆ. ನಕ್ಷೆ ಮೇಲಿನ ಚ² ಮತ್ತು ಕೆಳಗಿನ −ಚ² ಎಂಬ ಎರಡು ಪರವಲಯಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಎಷ್ಟೇ ಒದ್ದಾಡಿದರೂ ಸೊನ್ನೆಯಲ್ಲಿ ಚಪ್ಪಟೆಯಾಗಲೇಬೇಕು. ಅವಕಲನೀಯವಾದ ಫಲನದ ನಿಷ್ಪನ್ನ ತಾನೇ ವಿಚ್ಛಿನ್ನವಾಗಿರಬಹುದು ಎಂಬುದು ಈ ಉದಾಹರಣೆಯ ಪಾಠ.

ಹಾಗಾದರೆ ಅಡ್ಡದಾರಿ ಸಂಪೂರ್ಣ ನಿಷಿದ್ಧವೇ? ಅಲ್ಲ. ಫಲನ ಆ ಬಿಂದುವಿನಲ್ಲಿ ಅವಿಚ್ಛಿನ್ನವೆಂದು ಮೊದಲು ಖಚಿತಪಡಿಸಿಕೊಂಡು, ಎಡಬಲಗಳಲ್ಲಿ ನಿಷ್ಪನ್ನಗಳಿಗೆ ಮಿತಿಗಳು ಇದ್ದರೆ, ಆ ಮಿತಿಗಳೇ ಎಡ ಮತ್ತು ಬಲ ನಿಷ್ಪನ್ನಗಳು ಎಂದು ಲಾಗ್ರಾಂಜ್ ಅವರ ಮಧ್ಯಮಾನ ಪ್ರಮೇಯದಿಂದ (ಮೀನ್ ವ್ಯಾಲ್ಯೂ ಥಿಯರಮ್) ಸಾಧಿಸಬಹುದು. ಸಮವಾದರೆ ಅವಕಲನೀಯ, ಬೇರೆಯಾದರೆ ಅಲ್ಲ. ಮಿತಿಯೇ ಇಲ್ಲದಿದ್ದಾಗ ಮಾತ್ರ ಅಡ್ಡದಾರಿ ಬಾಯಿ ಬಿಡುವುದಿಲ್ಲ. ಆಗ ವ್ಯಾಖ್ಯೆಯನ್ನೇ ಕೇಳಬೇಕು.

ಮೂಲೆಗಳು ಅಲ್ಲೊಂದು ಇಲ್ಲೊಂದು ಇರಬಹುದು, ಆದರೆ ಅವಿಚ್ಛಿನ್ನವಾದ ಫಲನ ಬಹುಪಾಲು ಬಿಂದುಗಳಲ್ಲಾದರೂ ಅವಕಲನೀಯವಾಗಿರಲೇಬೇಕು ಎಂದು 19ನೆಯ ಶತಮಾನದ ಗಣಿತಜ್ಞರಲ್ಲಿ ಅನೇಕರು ನಂಬಿದ್ದರು. ಆಂಪೇರ್ 1806ರಲ್ಲಿ ಇದನ್ನು ಸಾಧಿಸಲು ಪ್ರಯತ್ನಿಸಿದ್ದೂ ಉಂಟು. 1872ರ ಜುಲೈ 18ರಂದು ಬರ್ಲಿನ್‌ನ ವಿಜ್ಞಾನ ಅಕಾಡೆಮಿಯಲ್ಲಿ ವೈಯರ್‌ಸ್ಟ್ರಾಸ್ ಎಲ್ಲೆಡೆ ಅವಿಚ್ಛಿನ್ನವಾಗಿದ್ದು ಯಾವ ಬಿಂದುವಿನಲ್ಲೂ ಅವಕಲನೀಯವಲ್ಲದ ಫಲನವನ್ನು ಮುಂದಿಟ್ಟಾಗ ಆ ನಂಬಿಕೆ ಕುಸಿಯಿತು. ಅವರ ಫಲನ ಕೊಸೈನ್ ಅಲೆಗಳ ಅನಂತ ಮೊತ್ತ. ಅದಕ್ಕಿಂತ ಸರಳವಾದದ್ದನ್ನು 20ನೆಯ ಶತಮಾನದ ಆರಂಭದಲ್ಲಿ ಜಪಾನಿನ ಗಣಿತಜ್ಞ ಟೇಜಿ ಟಕಾಗಿ ಕೊಟ್ಟರು. ಇಳಿಜಾರು 1 ಮತ್ತು −1 ಇರುವ, 1/2 ಎತ್ತರದ ಗರಗಸದ ಹಲ್ಲುಗಳ ಸಾಲೊಂದನ್ನು ಬರೆಯಿರಿ. ಅದರ ಮೇಲೆ ಅಗಲವೂ ಎತ್ತರವೂ ಅರ್ಧವಾದ ಹಲ್ಲುಗಳ ಸಾಲನ್ನು ಕೂಡಿಸಿ, ಅದರ ಮೇಲೆ ಮತ್ತೆ ಅರ್ಧದ ಸಾಲನ್ನು, ಹೀಗೆ ಕೊನೆಯಿಲ್ಲದೆ. ಎತ್ತರಗಳು 1/2, 1/4, 1/8 ಎಂದು ಕುಗ್ಗುವುದರಿಂದ ಹತ್ತು ಸಾಲು ಮುಗಿದ ಮೇಲೆ ಇನ್ನು ಸೇರಬಹುದಾದ ಎಲ್ಲ ಎತ್ತರವೂ ಕೂಡಿ 1/1024ನ್ನು ಮೀರದು. ಬೆಲೆ ನೆಲೆಗೊಳ್ಳುತ್ತದೆ, ಫಲನ ಅವಿಚ್ಛಿನ್ನ. ಇಳಿಜಾರಿನ ಕಥೆ ಬೇರೆ. ಪ್ರತಿ ಸಾಲಿನ ಇಳಿಜಾರೂ 1 ಅಥವಾ −1 ಆದ್ದರಿಂದ ಹತ್ತು ಸಾಲುಗಳ ನಂತರ ಅದು ಸಮಸಂಖ್ಯೆ, ಹನ್ನೊಂದರ ನಂತರ ಬೆಸಸಂಖ್ಯೆ, ಹನ್ನೆರಡರ ನಂತರ ಮತ್ತೆ ಸಮಸಂಖ್ಯೆ. ಪ್ರತಿ ಸಲವೂ ಒಂದರಷ್ಟು ಬದಲಾಗುವ ಪೂರ್ಣಾಂಕ ಯಾವ ಮಿತಿಯನ್ನೂ ಸಮೀಪಿಸಲಾರದು. ಎತ್ತರ ಸಾಯುವ ವೇಗದಲ್ಲೇ ಅಗಲವೂ ಸಾಯುತ್ತಿರುವುದರಿಂದ ತಪ್ಪು ಹೆಜ್ಜೆಯನ್ನು ಎಂದೂ ಹಿಂದಿಕ್ಕುವುದಿಲ್ಲ.

ಮೂಲೆಯಿಲ್ಲದಿದ್ದರೆ ಎಲ್ಲವೂ ಸುಖ ಎಂದೂ ಭಾವಿಸಬೇಕಾಗಿಲ್ಲ. ನೇರವಾದ ರೈಲು ಹಳಿಗೆ ವೃತ್ತಾಕಾರದ ತಿರುವೊಂದನ್ನು ಜೋಡಿಸುವಾಗ ಸ್ಪರ್ಶಕಗಳು ಕೂಡುವಂತೆ ನೋಡಿಕೊಂಡರೆ ಹಳಿಯ ಗೆರೆ ಅಲ್ಲಿ ಅವಿಚ್ಛಿನ್ನವೂ ಹೌದು, ಅವಕಲನೀಯವೂ ಹೌದು. ಜೋಡಣೆಯ ಬಿಂದುವಿನಿಂದ ಅಳೆದ ದೂರ ಚ, ತ್ರಿಜ್ಯ ತ್ರಿ ಎಂದಿಟ್ಟುಕೊಂಡರೆ ನೇರ ಹಳಿಯಿಂದ ತಿರುವು ಸರಿದಿರುವುದು ಆರಂಭದಲ್ಲಿ ಸುಮಾರು ಚ²/(2 × ತ್ರಿ). ಅದರ ನಿಷ್ಪನ್ನ ಎಡಗಡೆ 0, ಬಲಗಡೆ ಚ/ತ್ರಿ. ಚಪ್ಪಟೆಯಾಗಿ ಸಾಗಿ, ಒಂದು ಬಿಂದುವಿನಲ್ಲಿ ಮಡಿಸಿ, ನೇರವಾಗಿ ಏರುವ ಗೆರೆ. ಆಟೊ ಬಾಡಿಗೆಯ ನಕ್ಷೆಯೇ ಇಲ್ಲಿ ಒಂದು ಮಹಡಿ ಕೆಳಗೆ ಅಡಗಿ ಕುಳಿತಿದೆ! ಎರಡನೆಯ ನಿಷ್ಪನ್ನ ಆ ಬಿಂದುವಿನಲ್ಲಿ 0ಯಿಂದ 1/ತ್ರಿಗೆ ಜಿಗಿಯುತ್ತದೆ. ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದ ಗಾಡಿ 400 ಮೀಟರ್ ತ್ರಿಜ್ಯದ ಇಂಥ ತಿರುವಿಗೆ ಹೊಕ್ಕರೆ ಪಕ್ಕಕ್ಕೆ ತಳ್ಳುವ ವೇಗೋತ್ಕರ್ಷ ಸೊನ್ನೆಯಿಂದ ಸೆಕೆಂಡಿಗೆ ಸೆಕೆಂಡಿಗೆ 1 ಮೀಟರಿಗೆ ಒಮ್ಮೆಲೇ ಏರುತ್ತದೆ. ಕಾಗದದ ಮೇಲೆ ಕಾಣದ ಆ ಜಿಗಿತ ನಿಂತ ಪ್ರಯಾಣಿಕರ ಕಾಲಿಗೆ ಗೊತ್ತಾಗುತ್ತದೆ. ಆದ್ದರಿಂದಲೇ ನೇರ ಹಳಿಗೂ ವೃತ್ತಕ್ಕೂ ನಡುವೆ ಸಂಕ್ರಮಣ ವಕ್ರವೊಂದನ್ನು ಸೇರಿಸುತ್ತಾರೆ. ಭಾರತೀಯ ರೈಲ್ವೆ ಇದಕ್ಕೆ ಬಳಸುವುದು ಘನ ಪರವಲಯ: ಸಂಕ್ರಮಣದ ಉದ್ದ ಉ ಆಗಿದ್ದರೆ ಚ³/(6 × ತ್ರಿ × ಉ). ಇದರ ಎರಡನೆಯ ನಿಷ್ಪನ್ನ ಚ/(ತ್ರಿ × ಉ), ಅದು ಸೊನ್ನೆಯಿಂದ ಆರಂಭವಾಗಿ ಉ ದೂರದಲ್ಲಿ ನಿಧಾನವಾಗಿ 1/ತ್ರಿಯನ್ನು ಮುಟ್ಟುತ್ತದೆ, ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸುವ ಕೆಲಸವನ್ನೂ ಅದೇ ಉದ್ದದಲ್ಲಿ ಸ್ವಲ್ಪಸ್ವಲ್ಪವಾಗಿ ಮಾಡಿ ಮುಗಿಸುತ್ತಾರೆ. ಜಿಗಿತ ಈಗ ಮೂರನೆಯ ನಿಷ್ಪನ್ನಕ್ಕೆ ಇಳಿದಿದೆ, ಸಂಕ್ರಮಣದ ಎರಡೂ ತುದಿಗಳಲ್ಲಿ ಅದು ಇನ್ನೂ ಇದೆ.